ಅತ್ತೆ ಬಿಚ್ಚಿದ ಪೆಟ್ಟಿಗೆ

ಅತ್ತೆ ಪೆಟ್ಟಿಗೆ ಬಿಚ್ಚಿದ್ದು ಒಂದು ಕಂಬಳಿಗಾಗಿ.

ಮೊಮ್ಮಗಳಿಗೆ ಜ್ವರ ಬಂದು ಮೂರು ದಿನವಾಗಿತ್ತು. ಮನೆಯಲ್ಲಿದ್ದ ಹೊದಿಕೆಗಳೆಲ್ಲ ಬಿಡಾರದ ಹೊದಿಕೆಗಳು; ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುವಷ್ಟು ತೆಳು. ಅಂಥವು ನಾಲ್ಕು ಹೊದಿಸಿದರೂ ಹುಡುಗಿಯ ಹಲ್ಲು ಕಟಕಟ ಎನ್ನುವುದು ನಿಂತಿರಲಿಲ್ಲ. ಆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಸೊಸೆ ಗಂಜಿ ಕಾಯಿಸಿ ತಂದಾಗ, ಮಗಳು ದಪ್ಪನೆಯ ಕೆಂಪು ಉಣ್ಣೆಯ ಕಂಬಳಿಯೊಳಗೆ ಮೂಗು ಮಾತ್ರ ಹೊರಗಿಟ್ಟು, ಬೆವರುತ್ತ ಗಾಢನಿದ್ದೆಯಲ್ಲಿದ್ದಳು. ಗೋಡೆಯ ಬುಡದಲ್ಲಿ ಅತ್ತೆಯ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು.

ಸೊಸೆ ಬಟ್ಟಲು ಹಿಡಿದುಕೊಂಡೇ ಪೆಟ್ಟಿಗೆಯ ಬಳಿ ಹೋದಳು. “ಅತ್ತೆ! ಏನು ಮಾಡಿಬಿಟ್ರಿ?”

“ಜ್ವರ ಇಳಿದಿದೆ. ಹಣೆ ಮುಟ್ಟಿ ನೋಡು,” ಎಂದರು ಅತ್ತೆ.

ಆ ಊರಿನಲ್ಲಷ್ಟೇ ಅಲ್ಲ, ಹಡಗುಗಳು ಹೋಗಿಬರುತ್ತಿದ್ದ ನಲವತ್ತು ಲೋಕಗಳಲ್ಲಿ ಎಲ್ಲಿಯೂ ಪೆಟ್ಟಿಗೆ ಬಿಚ್ಚುವುದೆಂದರೆ ಸಣ್ಣ ಮಾತಲ್ಲ. ಮನುಷ್ಯರೆಲ್ಲ ಒಂದೇ ತಾಯಿನೆಲದಿಂದ ಹೊರಟು ನಕ್ಷತ್ರಗಳ ನಡುವೆ ಚೆದುರಿದವರು, ಒಂದು ದಿನ ಕರೆ ಬರುತ್ತದೆ, ಆಗ ಎಲ್ಲರೂ ಹಡಗು ಹತ್ತಿ ಮರಳಬೇಕು. ಇದು ಕರೆಮನೆಯ ಧರ್ಮ. ಇನ್ನೊಂದು ಧರ್ಮ ಇದೆಯೆಂದು ಯಾರೂ ಕೇಳಿದವರಿರಲಿಲ್ಲ. ಹದಿನಾರು ತುಂಬಿದವರಿಗೆಲ್ಲ ತಲೆಗೊಂದು ಪೆಟ್ಟಿಗೆ, ಅದರೊಳಗೆ ಮನೆಯ ಒಳ್ಳೊಳ್ಳೆಯ ಸಾಮಾನು, ಮೇಲೆ ಮೊಹರು, ವರ್ಷಕ್ಕೊಮ್ಮೆ ತಪಾಸಣೆ. ಮನೆಯ ಪ್ರತಿಯೊಬ್ಬರಿಗೂ ಹಡಗು ಹತ್ತುವ ಚೀಟಿ; ಪೆಟ್ಟಿಗೆಯಲ್ಲಿ ತಪ್ಪು ಕಂಡರೆ ಆ ಚೀಟಿ ಹೋಯಿತು, ಅದರೊಂದಿಗೆ ಕೆಲಸವೂ. ಉಳಿದದ್ದೆಲ್ಲ ಬಿಡಾರದ ಬದುಕು. ತಗಡಿನ ಗೋಡೆಗಳಿಗೆ ಬೋಲ್ಟು ಹಾಕಿ ನಿಲ್ಲಿಸಿದ ಮನೆಗಳು; ಒಂದು ಹಗಲಿನಲ್ಲಿ ಬಿಚ್ಚಿ ಮಡಚಬಹುದು. ಇದು ನಮ್ಮ ನೆಲವಲ್ಲ, ಆದ್ದರಿಂದ ಇದರೊಳಗೆ ಒಂದು ಗೇಣಿಗಿಂತ ಆಳಕ್ಕೆ ಏನನ್ನೂ ಇಳಿಸಕೂಡದು. ಬಾವಿ ಇರಲಿಲ್ಲ, ನೀರು ಲಾರಿಯಲ್ಲಿ ಬರುತ್ತಿತ್ತು.

ಅಂಥ ಊರಿನಲ್ಲಿ ಪೆಟ್ಟಿಗೆ ಬಿಚ್ಚಿದ್ದು, ಅದೂ ಯಾರ ಮನೆಯಲ್ಲಿ! ಅತ್ತೆಯ ಮಗ ಕರೆಮನೆಯ ತಪಾಸಣೆಯವನು. ಬೀದಿ ಬೀದಿ ತಿರುಗಿ ಜನರ ಪೆಟ್ಟಿಗೆ ತೂಗಿ, ಪಟ್ಟಿ ತಾಳೆ ನೋಡಿ, ಮತ್ತೆ ಕಟ್ಟಿ ಮೊಹರು ಒತ್ತುವುದು ಅವನ ಕೆಲಸ. ಊರಿನವರು ಎದುರಿಗೆ ‘ಪೆಟ್ಟಿಗೆ ಸಾಹೇಬರು’ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ‘ಪೆಟ್ಟಿಗೆ’.

ಅವನು ಮುಖ ಒರೆಸಿಕೊಳ್ಳುತ್ತ ಒಳಗೆ ಬಂದ. ಮೊದಲು ಕಂಬಳಿ ಕಂಡಿತು, ಆಮೇಲೆ ಪೆಟ್ಟಿಗೆ, ಆಮೇಲೆ ನೆಲದ ಮೇಲೆ ಎರಡು ತುಂಡಾಗಿ ಬಿದ್ದಿದ್ದ ಮೊಹರು.

“ಯಾರು ಬಿಚ್ಚಿದ್ದು?”

“ನನ್ನ ಪೆಟ್ಟಿಗೆ ನಾನಲ್ಲದೆ ಇನ್ಯಾರಪ್ಪ ಬಿಚ್ತಾರೆ?”

“ಅಮ್ಮಾ, ತಪಾಸಣೆಗೆ ಇನ್ನೂ ಏಳು ವಾರ ಇದೆ.”

“ಜ್ವರಕ್ಕೆ ಅದು ಗೊತ್ತಿರಲಿಲ್ಲ ನೋಡು.”

“ಆಯ್ತು, ಆಗಿದ್ದು ಆಯ್ತು. ಮಡಚಿ ಒಳಗಿಡು. ಮೊಹರು ನಾನೇ ಒತ್ತಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಒಳಗಿಡೋಕೆ ಏನಿದೆ ಅಂತ ನೋಡು ಬಾ.” ಅತ್ತೆ ಪೆಟ್ಟಿಗೆಯಿಂದ ಮಡಚಿದ ಬಟ್ಟೆಯೊಂದನ್ನು ಎತ್ತಿದರು. ಅವರ ಮದುವೆಯ ಬಟ್ಟೆ. ಎತ್ತಿದ್ದೇ ತಡ, ಮಡಿಕೆ ಮಡಿಕೆಯಲ್ಲೂ ಹರಿದು ಕೈಯಿಂದ ಜಾರಿ ಬಿತ್ತು. ನುಸಿ ತಿಂದು ಜರಡಿಯಾಗಿತ್ತು. “ಒಂದೇ ದಿನ ಉಟ್ಟಿದ್ದು. ನಿಮ್ಮ ಪಟ್ಟಿಯಲ್ಲಿ ‘ಮದುವೆಯ ಬಟ್ಟೆ, ಒಂದು’ ಅಂತಿದೆ. ಐವತ್ತು ವರ್ಷ ಒಬ್ಬರಾದ ಮೇಲೆ ಒಬ್ಬರು ಬಂದು ‘ಒಂದು’ ಅಂತ ಗೀಟು ಹಾಕಿ ಹೋದ್ರಿ. ಬಿಡಿಸಿ ನೋಡಿದ್ದೀರಾ ಒಬ್ಬರಾದ್ರೂ?”

“ಬಿಡಿಸಿ ನೋಡಬೇಕು ಅಂತ ನಿಯಮದಲ್ಲಿ ಇಲ್ಲ.”

“ಅದೇ ನಾನು ಹೇಳಿದ್ದು.”

ಮಗ ಸೊಸೆಯ ಮುಖ ನೋಡಿದ. ಸೊಸೆ ಗಂಜಿಯ ಬಟ್ಟಲು ಕೆಳಗಿಟ್ಟು, ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದಳು. ತಾಯಿ ಮಗನ ಜಗಳದಲ್ಲಿ ಬಾಯಿ ಹಾಕಿದರೆ ಇಬ್ಬರೂ ಸೇರಿ ತನ್ನ ಮೇಲೆ ಬೀಳುತ್ತಾರೆಂದು ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಕಲಿತಿದ್ದಳು.

ಮೊಹರು ಬೀಳಲಿಲ್ಲ. ಹುಡುಗಿ ಗುಣವಾಗಿ ಎದ್ದು ಓಡಾಡತೊಡಗಿದರೂ ಕಂಬಳಿ ಒಳಗೆ ಹೋಗಲಿಲ್ಲ.

ಮುಂದಿನ ವಾರ ಬಾಣಲೆ ಹೊರಗೆ ಬಂತು. ಅತ್ತೆಯ ತಾಯಿ ಕೊಟ್ಟಿದ್ದ ದಪ್ಪ ತಳದ ಕಬ್ಬಿಣದ ಬಾಣಲೆ. ಸೊಸೆ ಹಡಗುಕಟ್ಟೆಯ ಕೆಲಸದಿಂದ ಮರಳಿದಾಗ ಒಲೆಯ ಮೇಲೆ ಅದರಲ್ಲಿ ಗೆಡ್ಡೆ ಬೇಯುತ್ತಿತ್ತು. ಈರುಳ್ಳಿ ಹೊಂಬಣ್ಣಕ್ಕೆ ತಿರುಗಿದ ಘಮ ಬೀದಿಗೇ ಬರುತ್ತಿತ್ತು. ಬಿಡಾರದ ತಗಡಿನ ಪಾತ್ರೆಯಲ್ಲಿ ಗೆಡ್ಡೆ ಅಂದರೆ ತಳ ಸೀದು ಮೇಲೆ ಹಸಿ. ಸೊಸೆ ಅದಕ್ಕೆ ಎಷ್ಟು ಒಗ್ಗಿಹೋಗಿದ್ದಳೆಂದರೆ ಗೆಡ್ಡೆಯ ರುಚಿಯೇ ಅದು ಎಂದುಕೊಂಡಿದ್ದಳು.

“ಅತ್ತೆ, ಬೇಡ. ಅವರು ಬಂದ್ರೆ ಮನೆ ಹತ್ತಿ ಉರಿಯುತ್ತೆ.”

“ಹಸಿದು ಬಂದಿರ್ತಾನೆ. ಮೊದಲು ಬಡಿಸು, ಆಮೇಲೆ ಉರೀಲಿ.”

ಅವನು ಬಂದ, ಕೂತ, ಉಂಡ. ಎರಡನೇ ಸಲ ಬಡಿಸಿಕೊಂಡ. ಮೂರನೇ ಸಲ ತಟ್ಟೆ ಚಾಚಿ, “ಇವತ್ತು ನಿನ್ನ ಕೈ ಚೆನ್ನಾಗಿ ಕೂಡಿಬಂದಿದೆ,” ಎಂದು ಹೆಂಡತಿಯನ್ನು ಹೊಗಳಿದ.

ಮಗಳಿಗೆ ನಗು ತಡೆಯಲಾಗಲಿಲ್ಲ. “ಅಪ್ಪ, ಅದು ಅಮ್ಮನ ಕೈ ಅಲ್ಲ. ಅಜ್ಜಿಯ ಬಾಣಲೆ. ಪಟ್ಟಿಯಲ್ಲಿ ಹದಿಮೂರನೇ ನಂಬರು.”

ತುತ್ತು ಅರ್ಧದಲ್ಲಿ ನಿಂತಿತು. ಅವನು ತಟ್ಟೆಯನ್ನೂ ಒಲೆಯನ್ನೂ ಒಂದಾದ ಮೇಲೊಂದರಂತೆ ನೋಡಿದ. ಉಗುಳುವುದೋ ನುಂಗುವುದೋ ತಿಳಿಯದೆ ಕೊನೆಗೆ ನುಂಗಿದ. ತಟ್ಟೆಯಲ್ಲಿ ಉಳಿದದ್ದನ್ನು ಬಿಡಲೂ ಇಲ್ಲ. ಸಿಟ್ಟಿನಿಂದ, ಒಂದೊಂದೇ ತುಂಡನ್ನು ಜಗಿದು ಜಗಿದು ಮುಗಿಸಿ ಕೈ ತೊಳೆಯಲು ಎದ್ದ.

“ನೀನಾದ್ರೂ ಹೇಳಬಾರದಾ ಅಮ್ಮನಿಗೆ?” ಎಂದು ಹೆಂಡತಿಯ ಮೇಲೆ ಹರಿಹಾಯ್ದ.

“ನಿಮ್ಮಮ್ಮ. ನೀವೇ ಹೇಳಿ.”

“ನನ್ನ ಮಾತು ಕೇಳ್ತಾಳಾ?”

“ನಿಮ್ಮ ಮಾತೇ ಕೇಳದವರು ನನ್ನ ಮಾತು ಕೇಳ್ತಾರಾ?”

ಇದು ಮನೆಯೊಳಗೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ದಿನ ಅತ್ತೆ ಕಂಬಳಿಯನ್ನು ಒಗೆದು ಹೊರಗೆ ಹಗ್ಗದ ಮೇಲೆ ಹರವಿದರು. ಕೆಂಪು ಕಂಬಳಿ, ಬೂದು ಬಣ್ಣದ ಬೀದಿ. ಎರಡು ಸೂರ್ಯರ ಬಿಸಿಲೂ ಬಿದ್ದು ಅದು ಬೆಂಕಿಯ ಹಾಗೆ ಹೊಳೆಯಿತು. ಪಕ್ಕದ ಮನೆಯ ದರ್ಜಿಯಮ್ಮ ಹೊಲಿಗೆ ಬಿಟ್ಟು ಬೇಲಿಯ ಬಳಿ ಬಂದಳು. ಒಂಟಿ ಹೆಂಗಸು, ಬಾಯಿ ಚುರುಕು. ಪೆಟ್ಟಿಗೆಗಳಿಗೆ ಕ್ಯಾನ್ವಾಸಿನ ಗವಸು ಹೊಲಿದು ಹೊಟ್ಟೆ ಹೊರೆಯುತ್ತಿದ್ದವಳು.

“ಅಜ್ಜಿ, ಅದು ಬಿಡಾರದ ಕಂಬಳಿ ಅಲ್ವಲ್ಲ?”

“ಅಲ್ಲ. ನನ್ನದು.”

“ಪೆಟ್ಟಿಗೆಯದಾ?”

“ಪೆಟ್ಟಿಗೆಗೆ ಚಳಿ ಆಗ್ತಿರಲಿಲ್ಲ, ತೆಗೆದೆ.”

ದರ್ಜಿಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಲ್ಕನೆಯ ದಿನ ಕರೆಮನೆಯಿಂದ ಕಾಗದ ಬಂತು. ತಪಾಸಣೆಯವರ ಮನೆಯನ್ನು ಅವರೇ ನೋಡುವ ಹಾಗಿಲ್ಲ. ಈ ಮನೆಯ ಸರದಿಯನ್ನು ಮುಂದಕ್ಕೆ ಎಳೆದು ಇನ್ನು ಹತ್ತೇ ದಿನಕ್ಕೆ ಗೊತ್ತು ಮಾಡಿದ್ದರು. ಸ್ವತಃ ಹಿರಿಯ ತಪಾಸಣೆಯವರೇ ಬರುವವರಿದ್ದರು. ಬರುವಾಗ ಹದಿನಾರು ತುಂಬಿದ ಮಗಳಿಗೆ ಹೊಸ ಪೆಟ್ಟಿಗೆಯನ್ನೂ ತರುತ್ತಾರಂತೆ.

ಅಂದು ಸೊಸೆಯ ತಾಳ್ಮೆ ಕಡಿಯಿತು. ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಅತ್ತೆಯ ಎದುರು ಬಂದು ನಿಂತಳು.

“ನಿಮಗೇನು ಅತ್ತೆ, ಉಂಡು ಮಲಗ್ತೀರಿ. ಚೀಟಿ ಕಿತ್ಕೊಂಡ್ರೆ ಕಟ್ಟೆಯ ಗೇಟಿನೊಳಗೆ ನನ್ನನ್ನ ಬಿಡ್ತಾರಾ? ಇವರ ಕೆಲಸ ಉಳಿಯುತ್ತಾ? ಚೀಟಿ ಇಲ್ಲದವರು ಗುಜರಿಯಲ್ಲಿ ಅರ್ಧ ಕೂಲಿಗೆ ಕಬ್ಬಿಣ ಆಯ್ತಾರೆ, ನೋಡಿದ್ದೀರಲ್ಲ? ಒಂದು ಕಂಬಳಿ, ಒಂದು ಬಾಣಲೆ! ಅಷ್ಟಕ್ಕೆ ನಮ್ಮ ಬಾಯಿಗೆ ಮಣ್ಣು ಹಾಕ್ತೀರಾ?”

ಅತ್ತೆ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಮುಚ್ಚಳಕ್ಕೆ ಮೇಣ ಮೆತ್ತಿದ ಡಬ್ಬಿಯೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸೊಸೆಗೆ ಗೊತ್ತಿತ್ತು, ಮಾವನ ಬೂದಿ. ಸತ್ತವರೂ ತಾಯಿನೆಲಕ್ಕೆ ಮರಳಬೇಕಾದ್ದರಿಂದ ಎಲ್ಲರ ಬೂದಿಯೂ ಹೀಗೆ ಯಾರದೋ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು.

“ನಿನ್ನ ಮಾವ ಕಟ್ಟೆಯಲ್ಲಿ ಹಮಾಲಿ ಮಾಡ್ತಿದ್ದರು. ನಲವತ್ತು ವರ್ಷ ಬೇರೆಯವರ ಪೆಟ್ಟಿಗೆ ಹೊತ್ತರು. ಕೊನೆಗೆ ಮಾತು ನಿಲ್ಲೋ ಮುಂಚೆ ನನ್ನ ಕೈ ಹಿಡ್ಕೊಂಡು ಒಂದೇ ಮಾತು ಅಂದ್ರು, ‘ನನ್ನನ್ನ ಇಳಿಸು’ ಅಂತ. ಮತ್ತೆ ಮತ್ತೆ ಅದೇ. ‘ಇಳಿಸು, ಇಲ್ಲೇ ಇಳಿಸು.’ ನಾನು ಏನು ಮಾಡಿದೆ? ನಿನ್ನ ಗಂಡ ಆಗ ತಾನೇ ಕರೆಮನೆ ಕೆಲಸಕ್ಕೆ ಸೇರಿದ್ದ. ಮಗನಿಗೆ ಕೆಟ್ಟ ಹೆಸರು ಬರಬಾರದು ಅಂತ ಡಬ್ಬಿಗೆ ಹಾಕಿ ಪೆಟ್ಟಿಗೆಗೆ ತುಂಬಿದೆ. ಹತ್ತೊಂಬತ್ತು ವರ್ಷ ಆಯ್ತು, ಇನ್ನೂ ಇಳಿಸಿಲ್ಲ.”

ಸೊಸೆಯ ಕೈಯ ಹಿಟ್ಟು ಒಣಗಿ ಉದುರುತ್ತಿತ್ತು. “ಇದನ್ನ ಯಾವತ್ತೂ ಹೇಳಲೇ ಇಲ್ಲ ನೀವು.”

“ಹೇಳಿದ್ರೆ ಮಾಡಬೇಕಾಗುತ್ತಲ್ಲ.” ಅತ್ತೆ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒರೆಸಿದರು. “ನಿನ್ನ ಕೆಲಸಕ್ಕೋಸ್ಕರ ತಪಾಸಣೆ ದಿನ ನಾನು ಬಾಯಿ ಮುಚ್ಕೊಂಡು ಕೂರ್ತೀನಿ. ಅದೊಂದು ದಿನ. ಆಮೇಲೆ ನನ್ನ ಕೇಳಬೇಡಿ.”

ಎರಡು ದಿನದ ಮೇಲೆ ದೂರದ ಲೋಕದಿಂದ ದೊಡ್ಡ ಹಡಗೊಂದು ಬಂದು ಕಟ್ಟೆಗೆ ನಿಂತಿತು. ಸೊಸೆಯ ಕೆಲಸ ಹಡಗಿನ ಹೊಟ್ಟೆಯೊಳಗೆ. ವರ್ಷಗಟ್ಟಲೆ ಹಾರಿ ಬಂದ ಹಡಗಿನ ಒಳಗೋಡೆಗೆ ಮಸಿ ಕಲ್ಲಿನಂತೆ ಅಂಟಿರುತ್ತದೆ; ಅದನ್ನು ಹಾರೆಯಿಂದ ಎಬ್ಬಿಸಿ ಬುಟ್ಟಿಗೆ ತುಂಬಬೇಕು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹಡಗಿನ ಅಡುಗೆಯವಳೊಬ್ಬಳು ಪಕ್ಕದಲ್ಲಿ ಬಂದು ಕೂತಳು. ದಪ್ಪನೆಯ ಹೆಂಗಸು, ಕೂತಲ್ಲೇ ಏದುಸಿರು. ನೆಲದ ಮೇಲೆ ನಡೆದು ಅಭ್ಯಾಸ ತಪ್ಪಿಹೋಗಿದೆ ಎಂದು ತಾನೇ ನಕ್ಕಳು. ಹುಟ್ಟಿದ್ದು ಹಡಗಿನಲ್ಲಿ, ಬೆಳೆದದ್ದು ಹಡಗಿನಲ್ಲಿ, ಮೂವತ್ತು ವರ್ಷದಿಂದ ಅಡುಗೆಯೂ ಅಲ್ಲೇ.

“ನಿಮಗೆ ಪೆಟ್ಟಿಗೆಯ ಗೋಳಿಲ್ಲ, ಪುಣ್ಯವಂತರು,” ಎಂದಳು ಸೊಸೆ.

“ಯಾರು ಹೇಳಿದ್ದು? ನನ್ನ ಮಂಚದ ಕೆಳಗೇ ಇದೆ. ವರ್ಷ ವರ್ಷ ತಪಾಸಣೆ.”

“ಹಡಗಿನಲ್ಲೇ ಇದ್ದೀರಲ್ಲ! ಇನ್ನು ಹಡಗು ಹತ್ತೋಕೆ ಪೆಟ್ಟಿಗೆ ಯಾಕೆ?”

“ಅದನ್ನೇ ನಾನೂ ಕೇಳಿದೆ. ಬೈಸಿಕೊಂಡೆ.” ಅಡುಗೆಯವಳು ಸೊಸೆಯ ಬುತ್ತಿಯಿಂದ ಒಂದು ತುಂಡು ಗೆಡ್ಡೆ ಎತ್ತಿ ಬಾಯಿಗೆ ಹಾಕಿಕೊಂಡಳು. “ಅಬ್ಬ, ಯಾವ ಪಾತ್ರೆಯಲ್ಲಿ ಮಾಡಿದ್ದು ಇದನ್ನ?”

ಸೊಸೆ ಬುತ್ತಿ ಮುಚ್ಚಿದಳು. ದನಿ ತಗ್ಗಿಸಿ ಕೇಳಿದಳು, “ಇಷ್ಟು ಓಡಾಡಿದ್ದೀರಿ. ತಾಯಿನೆಲ ಕಂಡವರು ಯಾರಾದ್ರೂ ಸಿಕ್ಕಿದ್ದಾರಾ?”

“ಹದಿನಾಲ್ಕು ಲೋಕ ಸುತ್ತಿದ್ದೀನಿ ತಾಯಿ. ಎಲ್ಲಾ ಕಡೆ ಜನ ಪೆಟ್ಟಿಗೆ ಕಟ್ಟಿ ಕೂತಿದ್ದಾರೆ. ಎಲ್ಲಿಗೆ ಹೋಗಬೇಕು ಅಂದ್ರೆ ಎಲ್ಲರೂ ಮೇಲೆ ಕೈ ತೋರಿಸ್ತಾರೆ. ಆದ್ರೆ ಒಂದು ಊರಿನವರು ಆ ಕಡೆ, ಇನ್ನೊಂದು ಊರಿನವರು ಈ ಕಡೆ.” ಅವಳು ಎರಡೂ ಕೈ ಎರಡು ದಿಕ್ಕಿಗೆ ಚಾಚಿ ಗೊಳ್ಳೆಂದು ನಕ್ಕಳು. ಸೊಸೆಗೂ ನಗು ಬಂತು. ಆದರೆ ಬುಟ್ಟಿ ಹೊತ್ತು ಹಡಗಿನ ಮೆಟ್ಟಿಲು ಹತ್ತುವಾಗ ತಲೆಯೆತ್ತಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು.

ತಪಾಸಣೆಯ ಹಿಂದಿನ ದಿನ ರಜೆ. ಅತ್ತೆ, ಮೊಮ್ಮಗಳು ನೀರಿನ ಲಾರಿಯ ಸಾಲಿಗೆ ಹೋಗಿದ್ದರು. ಸೊಸೆ ಬಟ್ಟೆ ಒಗೆದು ಬೇಗ ಒಳಗೆ ಬಂದಳು. ಗಂಡ ಅತ್ತೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಸುತ್ತಲೂ ತುಕ್ಕು ಹಿಡಿದ ಹಳೆಯ ಬೋಲ್ಟುಗಳ ರಾಶಿ. ಒಂದೊಂದು ಹಿಡಿಯನ್ನು ತನ್ನ ಹಳೆಯ ಅಂಗಿಯ ಚೂರಿನಲ್ಲಿ ಸುತ್ತಿ, ಹುರಿಯಿಂದ ಕಟ್ಟಿ, ಒಳಗೆ ಜೋಡಿಸುತ್ತಿದ್ದ. ಹೆಂಡತಿಯನ್ನು ಕಂಡು ಕೈ ನಿಂತಿತು; ಎದ್ದು ನಿಲ್ಲಲಿಲ್ಲ.

“ಏನ್ರೀ ಇದು?”

“ತೂಕ. ಹನ್ನೆರಡು ಕಿಲೋ ಕಮ್ಮಿ ಬರ್ತಿತ್ತು.”

“ಹೀಗೆ ಮಾಡಿದವರನ್ನ ನೀವು ಎಷ್ಟು ಜನರನ್ನ ಹಿಡಿದಿದ್ದೀರಿ?”

ಅವನು ಹುರಿಯನ್ನು ಬೆರಳಿಗೆ ಸುತ್ತಿಕೊಂಡ. “ಹನ್ನೊಂದು ಮನೆ.”

“ಬಿಟ್ಟಿದ್ದೀರಾ ಒಬ್ಬರನ್ನಾದ್ರೂ?”

“ಇಲ್ಲ.” ಹುರಿ ಕೆಳಗಿಟ್ಟು ಹೇಳಿದ, “ನೋಡು, ನನಗೆ ಇದು ಬರೀ ಸಂಬಳದ ಕೆಲಸ ಅಲ್ಲ. ನಲವತ್ತು ಲೋಕ. ಒಂದರ ಮಾತು ಇನ್ನೊಂದಕ್ಕೆ ಮುಟ್ಟೋಕೆ ವರ್ಷಗಳೇ ಬೇಕು. ಈ ಪೆಟ್ಟಿಗೆಯೊಂದು ಇಲ್ಲದಿದ್ರೆ ನಾವೆಲ್ಲ ಒಬ್ಬರಿಗೊಬ್ಬರು ಏನಾಗಬೇಕು? ಯಾರೋ, ಎಲ್ಲೋ. ಎಲ್ಲರ ಮನೆಯಲ್ಲೂ ಒಂದೇ ಪೆಟ್ಟಿಗೆ ಇದೆ ಅಂದ್ರೆ ಎಲ್ಲರೂ ಒಂದೇ ಮನೆಯವರು ಅಂತ ನಾನು ನಂಬಿದ್ದೀನಿ. ಈಗಲೂ ನಂಬ್ತೀನಿ.”

“ನಂಬಿ ಬೋಲ್ಟು ತುಂಬ್ತಿದ್ದೀರಿ.”

“ಅಮ್ಮನಿಗೋಸ್ಕರ. ನಿನಗೋಸ್ಕರ.” ಅವನು ಇನ್ನೊಂದು ಗಂಟು ಬಿಗಿದ. “ಕಂಬಳಿಗೂ ದಾರಿ ಮಾಡಿದ್ದೀನಿ. ಹೊಸ ಪೆಟ್ಟಿಗೆಗೆ ಮೊದಲ ಸಾಮಾನು ತಾಯಿ ಕೈಯಿಂದ ಬೀಳಬೇಕು. ನಾಳೆ ನೀನು ಆ ಕಂಬಳಿಯನ್ನೇ ಮಗಳ ಪೆಟ್ಟಿಗೆಗೆ ಹಾಕಿಬಿಡು. ಹೊರಗೆ ಬಂದದ್ದು ಒಳಗೆ ಹೋದ ಹಾಗೂ ಆಯ್ತು, ದರ್ಜಿಯಮ್ಮನ ಬಾಯಿ ಮುಚ್ಚಿದ ಹಾಗೂ ಆಯ್ತು.”

“ಬಾಣಲೆ?”

“ಬಾಣಲೆ...” ಅವನು ಒಲೆಯ ಕಡೆ ಕಳ್ಳನೋಟ ಬೀರಿದ. “ಅದು ಇರಲಿ ಬಿಡು.”

ಸೊಸೆ ಅವನ ಪಕ್ಕ ಕೂತು, ಚೆಲ್ಲಿದ್ದ ಬೋಲ್ಟುಗಳನ್ನು ಒಟ್ಟು ಮಾಡಿ ಕೊಟ್ಟಳು. ಮೊಹರು ಒತ್ತುವಾಗ ಗುರುತು ಸೊಟ್ಟಗೆ ಬಿತ್ತು. ಅಳಿಸಿ ಮತ್ತೊಮ್ಮೆ ಒತ್ತಿದ.

ಹಿರಿಯ ತಪಾಸಣೆಯವರು ಮರುದಿನ ಬೆಳಿಗ್ಗೆ, ಎರಡನೆಯ ಸೂರ್ಯ ಹುಟ್ಟುವ ಹೊತ್ತಿಗೆ ಬಂದರು. ಬೋಳುತಲೆ, ಮೆದು ಮಾತು. ಹೊಸ ಪೆಟ್ಟಿಗೆಯನ್ನು ಎರಡು ಚಕ್ರದ ಗಾಡಿಯಲ್ಲಿ ತಾವೇ ನೂಕಿಕೊಂಡು ಬಂದಿದ್ದರು. ಕೊಟ್ಟ ನೀರು ಕುಡಿದು, ಮಗಳ ಓದು ವಿಚಾರಿಸಿ, ಒಂದೊಂದೇ ಪೆಟ್ಟಿಗೆಯನ್ನು ತೂಕದ ಕೊಕ್ಕೆಗೆ ಎತ್ತಿದರು. ಮಗನದು ಸರಿ. ಸೊಸೆಯದು ಸರಿ. ಅತ್ತೆಯದೂ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಸರಿ. ಅತ್ತೆ ಮೂಲೆಯಲ್ಲಿ, ಕೊಟ್ಟ ಮಾತಿನಂತೆ, ತುಟಿ ಬಿಗಿದು ಕೂತಿದ್ದರು.

“ಬಿಚ್ಚೋದು ಬೇಡ,” ಎಂದರು ಹಿರಿಯರು. “ನಮ್ಮವನ ಮನೆ. ಜನ ನೂರು ಹೇಳ್ತಾರೆ.”

ಗಂಡನ ಭುಜ ಇಳಿದದ್ದು ಸೊಸೆಗೆ ಕಂಡಿತು. ಮುಗಿಯಿತು ಎಂದುಕೊಂಡಳು.

ಹಿರಿಯರು ಹೊಸ ಪೆಟ್ಟಿಗೆಯನ್ನು ಮಗಳ ಮುಂದಿಟ್ಟು ಮುಚ್ಚಳ ತೆರೆದರು. ಹೊಸ ಬಣ್ಣದ ವಾಸನೆ ಮನೆ ತುಂಬಿತು. “ಬಾಮ್ಮ, ಇನ್ನು ಮೇಲೆ ನೀನೂ ಹೊರಡುವವಳು. ಎಲ್ಲಿ, ತಾಯಿ ಕೈಯಿಂದ ಮೊದಲ ಸಾಮಾನು ಬೀಳಲಿ.”

ಕಂಬಳಿ ಮಡಚಿ ಸಿದ್ಧವಿತ್ತು. ಸೊಸೆ ಅದನ್ನೆತ್ತಿಕೊಂಡು ಬಂದಳು. ಕಂಬಳಿಯಲ್ಲಿ ಸೋಪಿನ ವಾಸನೆ, ಅದರ ಕೆಳಗೆ ಮಗಳ ಮೈಯ ವಾಸನೆ. ಮಗಳು ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ, ಕಂಬಳಿಯನ್ನು ನೋಡುತ್ತಿದ್ದಳು. ಈ ಒಂದು ತಿಂಗಳು ಅವಳು ಮಲಗಿದ್ದು ಅದರೊಳಗೇ.

ಸೊಸೆ ಬಗ್ಗಿದಳು. ಪೆಟ್ಟಿಗೆಯ ಬಾಯಿಯವರೆಗೂ ಕೈ ಹೋಯಿತು. ಅಲ್ಲೇ ನಿಂತಿತು.

“ಹಾಕಮ್ಮ,” ಎಂದರು ಹಿರಿಯರು.

“ಇಲ್ಲ.”

“ಏನು?”

“ಇದು ಹೊದೆಯೋ ಕಂಬಳಿ. ಇವಳು ದಿನಾ ಹೊದೀತಾಳೆ. ಒಳಗೆ ಹೋಗಲ್ಲ.”

“ಹಾಗಿದ್ರೆ ಬೇರೇನಾದ್ರೂ ಹಾಕಿ. ಒಂದು ಲೋಟವಾದ್ರೂ ಆದೀತು.”

ಸೊಸೆ ನೆಟ್ಟಗೆ ನಿಂತಳು. ಕಂಬಳಿಯನ್ನು ಎದೆಗವಚಿಕೊಂಡಳು. “ಲೋಟದಲ್ಲಿ ನೀರು ಕುಡೀತೀವಿ ಸಾಹೇಬ್ರೇ. ನನ್ನ ಪೆಟ್ಟಿಗೆಯಲ್ಲಿ ನಮ್ಮಮ್ಮ ಕೊಟ್ಟ ಆರು ತಟ್ಟೆ ಇವೆ. ಅದರಲ್ಲಿ ಒಂದು ದಿನ ಊಟ ಮಾಡಲಿಲ್ಲ. ಅವು ಹೇಗಿವೆ ಅಂತಾನೇ ಮರೆತುಹೋಗಿದೆ ನನಗೆ. ನನ್ನದು ಹೀಗಾಯ್ತು, ಆಗಲಿ. ಇವಳಿಗೆ ಪೆಟ್ಟಿಗೆ ಬೇಡ. ವಾಪಸ್ ತಗೊಂಡು ಹೋಗಿ.”

“ಯೋಚನೆ ಮಾಡಿ ಮಾತಾಡಮ್ಮ. ನಿನ್ನ ಯಜಮಾನರ ಕೆಲಸದ ಪ್ರಶ್ನೆ ಇದು. ಅವರ ಮುಖ ನೋಡಿಯಾದ್ರೂ...”

ಎಲ್ಲರೂ ಅವನ ಮುಖ ನೋಡಿದರು. ಅವನು ಬಿಳಿಚಿಕೊಂಡಿದ್ದ. ಆಮೇಲೆ ಅಡ್ಡ ಬಂದು ತಾಯಿಯ ಪೆಟ್ಟಿಗೆಯ ಮುಂದೆ ಮಂಡಿಯೂರಿ, ತಾನೇ ಒತ್ತಿದ ಮೊಹರನ್ನು ತಾನೇ ಮುರಿದ. ಗಂಟೊಂದನ್ನು ಎತ್ತಿ ನೆಲಕ್ಕೆ ಸುರಿದ. ಬೋಲ್ಟುಗಳು ತಗಡಿನ ನೆಲದ ಮೇಲೆ ಗಲಗಲ ಉರುಳಿದವು.

“ಸರ್, ಇದನ್ನೂ ಬರ್ಕೊಳ್ಳಿ. ಹನ್ನೆರಡು ಕಿಲೋ. ಸುತ್ತಿರೋದು ನನ್ನ ಅಂಗಿ, ಕಟ್ಟಿದ್ದು ನಾನು. ಇಂಥದ್ದಕ್ಕೆ ಹನ್ನೊಂದು ಮನೆಯವರ ಚೀಟಿ ಕಿತ್ತಿದ್ದೀನಿ. ನನ್ನದನ್ನ ಬಿಟ್ರೆ ಅವರಿಗೆ ನಾನು ಏನಂತ ಮುಖ ತೋರಿಸಲಿ?”

ಹಿರಿಯರು ಬಗ್ಗಿ ಕಾಲಿಗೆ ತಾಗಿದ ಬೋಲ್ಟೊಂದನ್ನು ಎತ್ತಿ ನೋಡಿದರು. ನಿಜವಾಗಿ ನೊಂದವರಂತೆ ಕಂಡರು. ನಾಲ್ಕು ಜನರ ಚೀಟಿ ಕೇಳಿ ಇಸಿದುಕೊಂಡು, ಒಂದೊಂದನ್ನೂ ಅಡ್ಡಡ್ಡ ಹರಿದು ಜೇಬಿಗೆ ಹಾಕಿಕೊಂಡರು. ಅವನ ಅಂಗಿಯ ಮೇಲಿನ ಬಿಲ್ಲೆಯನ್ನೂ ಬಿಚ್ಚಿಸಿಕೊಂಡರು. ಹೊಸ ಪೆಟ್ಟಿಗೆಯನ್ನು ಗಾಡಿಗೇರಿಸಿ ಬಾಗಿಲಲ್ಲಿ ತಿರುಗಿ ನಿಂತರು.

“ಕರೆ ಬಂದ ದಿನ ಈ ಊರಿಗೆ ಊರೇ ಹೊರಡುತ್ತೆ. ನೀವು ನಾಲ್ಕು ಜನ ಮಾತ್ರ ಇಲ್ಲೇ ಉಳೀತೀರಿ. ಅದು ಗೊತ್ತಿರಲಿ.”

ಅಷ್ಟು ಹೊತ್ತು ತುಟಿ ಬಿಗಿದಿದ್ದ ಅತ್ತೆ ಆಗ ಬಾಯಿ ತೆರೆದರು. “ಹೋಗಿ ಬನ್ನಿ ಸಾಹೇಬ್ರೇ. ನೀರಿನ ಲಾರಿಗೆ ಸಾಲು ನಿಲ್ಲೋದಾದ್ರೂ ತಪ್ಪುತ್ತೆ.”

ಮರುದಿನ ಸೊಸೆ ಎಂದಿನಂತೆ ಬುತ್ತಿ ಕಟ್ಟಿಕೊಂಡು ಕಟ್ಟೆಗೆ ಹೋದಳು. ಗೇಟಿನವನು ಹೆಸರಿನ ಪಟ್ಟಿ ನೋಡಿ, ಕಣ್ಣು ತಪ್ಪಿಸಿ, ಅಡ್ಡಗೋಲು ಎತ್ತಲಿಲ್ಲ. ಅವಳು ಬೇಡಿಕೊಳ್ಳಲಿಲ್ಲ.

“ಒಳಗೆ ನನ್ನ ಹಾರೆ ಇದೆ. ಕರೆಮನೆಯದಲ್ಲ, ನನ್ನ ಸ್ವಂತದ್ದು. ತರಿಸಿಕೊಡಿ.”

ಅರ್ಧ ಗಂಟೆ ಕಾಯಿಸಿ ತಂದುಕೊಟ್ಟರು. ಅವಳು ಹಾರೆಯನ್ನು ಹೆಗಲ ಮೇಲಿಟ್ಟುಕೊಂಡು, ಊರಿನ ನಡುಬೀದಿಯಲ್ಲೇ ಮನೆಗೆ ನಡೆದಳು. ಅಂಗಡಿಗಳ ಮುಂದೆ ನಿಂತವರು ಮಾತು ನಿಲ್ಲಿಸಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಮನೆಯಲ್ಲಿ ಅವಳ ಆರು ತಟ್ಟೆಗಳು ಹೊರ ಬಂದಿದ್ದವು. ಅವಳು ಮರೆತೇಬಿಟ್ಟಿದ್ದಳು, ಅವುಗಳ ಅಂಚಿನಲ್ಲಿ ನೀಲಿ ಬಳ್ಳಿಯಿತ್ತು. ಗಂಡ ಗುಜರಿಯವನನ್ನು ಕಂಡು ಬಂದು ಕೂತಿದ್ದ.

“ನಾಳೆಯಿಂದ ಬಾ ಅಂದ. ಅರ್ಧ ಕೂಲಿ.”

“ಇಬ್ಬರೂ ಹೋದ್ರೆ ಒಂದು ಕೂಲಿ ಆಯ್ತಲ್ಲ,” ಎಂದಳು ಸೊಸೆ. “ಅತ್ತೆ, ಮಾವನನ್ನ ತಗೊಂಡು ಬನ್ನಿ.”

ಮನೆಯ ಹಿಂದೆ ಬೇಲಿಯ ಪಕ್ಕ ಅವಳು ತೋಡಲು ಶುರು ಮಾಡಿದಳು. ಯಾರೂ ಎಂದೂ ಅಗೆಯದ ನೆಲ. ಹಾರೆ ಬಿದ್ದಲ್ಲಿ ಕಿಡಿ ಹಾರುತ್ತಿತ್ತು. ಗೇಣು ಆಳವಾಗುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು. ಗಂಡ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಹಾರೆ ಗೇಣು ದಾಟಿ ಇಳಿದಾಗ ಅವನು ಕಣ್ಣು ಮುಚ್ಚಿದ. ಏನೂ ಆಗಲಿಲ್ಲ. ಒಳಗಿನ ಮಣ್ಣು ಮೆತ್ತಗೆ, ಕಪ್ಪಗೆ, ತಣ್ಣಗೆ ಇತ್ತು. ಅವನು ಬಂದು ಹಾರೆಗೆ ಕೈ ಚಾಚಿದ.

“ಕೊಡಿಲ್ಲಿ. ನಿನ್ನ ಕೈ ನೋಡ್ಕೊ.”

“ಎಷ್ಟು ಆಳ ತೋಡಬೇಕಪ್ಪ?” ಎಂದು ಮಗಳು ಕೇಳಿದಳು.

“ಗೊತ್ತಿಲ್ಲಮ್ಮ. ಯಾರೂ ತೋಡಿಲ್ಲವಲ್ಲ.”

“ನಿನ್ನಜ್ಜ ಸೊಂಟದುದ್ದ ಇಳಿದು ನಿಲ್ಲುವಷ್ಟು,” ಎಂದರು ಅತ್ತೆ. ಅವರೇ ಬಗ್ಗಿ ಡಬ್ಬಿಯ ಮೇಣ ಕೆರೆದು ಬಿಡಿಸಿದರು. ಬೂದಿ ಸದ್ದಿಲ್ಲದೆ ಕಪ್ಪು ಮಣ್ಣಿನ ಮೇಲೆ ಇಳಿಯಿತು. ಅತ್ತೆ ಅಳಲಿಲ್ಲ. “ಇಳಿಸಿದೆ ನೋಡಿ, ಸ್ವಲ್ಪ ತಡವಾಯ್ತು,” ಎಂದಷ್ಟೇ ಅಂದು ಎರಡೂ ಕೈಯಲ್ಲಿ ಮಣ್ಣೆಳೆದರು.

ಬೇಲಿಯಾಚೆ ಹೊಲಿಗೆ ಯಂತ್ರದ ಸದ್ದು ಯಾವಾಗಲೋ ನಿಂತಿತ್ತು. ದರ್ಜಿಯಮ್ಮ ಅಲ್ಲಿ ನಿಂತು ನೋಡುತ್ತಿದ್ದಳು. ಸೊಸೆ ತಲೆಯೆತ್ತಿ, “ಹೋಗಿ ಇದನ್ನೂ ಹೇಳಿ ಬನ್ನಿ, ಕಿತ್ಕೊಳ್ಳೋಕೆ ಇನ್ನು ಚೀಟಿ ಇಲ್ಲ,” ಎಂದಳು. ದರ್ಜಿಯಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬೇಲಿ ಸುತ್ತಿಕೊಂಡು ಈಚೆ ಬಂದಳು. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡಿದ್ದಳು.

“ನಾನೇ ಹೇಳಿದ್ದು ಅಜ್ಜಿ. ನಾನು ಕಟ್ಟಿಕೊಂಡು ಕೂತಿರುವಾಗ ನೀವು ಹೇಗೆ ಬಿಚ್ಚಿದ್ರಿ ಅಂತ ಹೊಟ್ಟೆ ಉರೀತು.”

“ಗೊತ್ತು,” ಎಂದರು ಅತ್ತೆ.

ದರ್ಜಿಯಮ್ಮ ಸೆರಗು ತೆಗೆದಳು. ಮುಷ್ಟಿಯಷ್ಟು ದೊಡ್ಡ ಡಬ್ಬಿ. ಅವಳಿಗೆ ಒಂದು ಮಗು ಇತ್ತೆಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಮೂರೇ ದಿನ ಇತ್ತು,” ಎಂದಳು. “ಹೆಸರು ಕೂಡ ಇಟ್ಟಿರಲಿಲ್ಲ. ಇನ್ನೂ ಜಾಗ ಇದೆಯಾ?”

ಸೊಸೆ ಸರಿದು ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಗಂಡ ಹಾರೆಯನ್ನು ಎತ್ತಿಕೊಂಡು ಡಬ್ಬಿಯ ಗಾತ್ರ ನೋಡಿ, ಮುಚ್ಚಿದ ಮಣ್ಣಿನ ಪಕ್ಕದಲ್ಲಿ ಮೇಲೆ ಮೇಲೆ ಕೆರೆಯತೊಡಗಿದ.

“ಲೋ,” ಎಂದರು ಅತ್ತೆ, “ಚಿಕ್ಕದು ಅಂತ ಮೇಲೆ ಮೇಲೆ ತೋಡಬೇಡ. ಅದಕ್ಕೂ ಅಷ್ಟೇ ಆಳ ಬೇಕು.”